ಹೆಸರಿಗೆ ನನ್ನ ಬೂತ್

ಮಾರ್ಚ್ 14, 2001

ಇದು ಹೋದ ವರ್ಷದ ಡೈರಿ. ಗೊಬ್ಬರದ ಅಂಗಡಿಯವರು ಅಣ್ಣನಿಗೆ ಕೊಟ್ಟದ್ದು. ಅಣ್ಣ ಒಂದು ಅಕ್ಷರವನ್ನೂ ಬರೆಯದೆ ಇವತ್ತು ನನಗೆ ಕೊಟ್ಟ. ಪುಟದ ಮೇಲೆ ಅಚ್ಚಾಗಿರುವ ವಾರ ಒಂದು ದಿನ ಹಿಂದೆ ಇದೆ. ಇರಲಿ, ಈ ಮನೆಯಲ್ಲಿ ನನಗೆ ಸಿಗುವುದೆಲ್ಲ ಇನ್ನೊಬ್ಬರ ಕೈ ದಾಟಿಯೇ ಸಿಗುವುದು.

ಇವತ್ತು ನನ್ನ ಮೆರವಣಿಗೆ ಇತ್ತು. ವರ್ಷಕ್ಕೊಮ್ಮೆ ಟೆಲಿಫೋನ್ ಇಲಾಖೆಯ ಸಾಹೇಬರು ಬೂತ್ ನೋಡಲು ಬರುತ್ತಾರೆ. ಆ ದಿನ ಅತ್ತಿಗೆ ಶೈಲಾ ನನಗೆ ತನ್ನ ಒಳ್ಳೆಯ ಸೀರೆ ಉಡಿಸುತ್ತಾಳೆ. ಅಣ್ಣ ಗುರುಸಂಗಪ್ಪ ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಕೊಟ್ಟೂರು ಬಸ್‌ಸ್ಟ್ಯಾಂಡಿಗೆ ಒಯ್ದು, ಎತ್ತಿಕೊಂಡು ಮೆಟ್ಟಿಲು ಹತ್ತಿ, ಬೂತಿನ ಕುರ್ಚಿಯಲ್ಲಿ ಇಡುತ್ತಾನೆ. ಸಾಹೇಬರು ಬರುತ್ತಾರೆ. "ಶಾಂಭವಿ ನೀವೇ ಏನ್ರಿ?" "ನಾನೇ ರಿ." "ಪೋಲಿಯೋ ಎಡಗಾಲಿಗೇನ್ರಿ?" "ಎಡಗಾಲಿಗೇ ರಿ." ಚಹಾ ಕುಡಿದು ಹೋಗುತ್ತಾರೆ. ಸಂಜೆ ಉತ್ಸವಮೂರ್ತಿ ವಾಪಸ್ ಮನೆಗೆ.

ಅದು ಅಂಗವಿಕಲರ ಕೋಟಾದಲ್ಲಿ ನನ್ನ ಹೆಸರಿಗೆ ಬಂದ ಎಸ್‌ಟಿಡಿ ಬೂತ್. ನಡೆಸುವವನು ಅಣ್ಣ. ಚರಂಡಿ ಮೇಲೆ ಎತ್ತರದ ಕಟ್ಟೆ ಕಟ್ಟಿಸಿ, ಕಡಿದಾದ ಮೆಟ್ಟಿಲು ಇಡಿಸಿದವನೂ ಅವನೇ. "ಇದು ನಿನಗ ಹತ್ತಾಕ ಆಗಂಗಿಲ್ಲ ತಂಗಿ, ನಾ ಕುಂದಿರ್ತೀನಿ ಬಿಡು" ಅಂದಿದ್ದ. ಆಗ ನನಗೆ ಅದು ಪ್ರೀತಿ ಅನ್ನಿಸಿತ್ತು. ಪ್ರೀತಿಯೂ ಇದ್ದಿರಬೇಕು, ಪಾಪ.

ಊರಲ್ಲಿ ಅದಕ್ಕೊಂದು ಹೆಸರಿದೆ. ಬೋರ್ಡಿನ ಮೇಲಿರುವ ಹೆಸರು ಯಾರಿಗೂ ಗೊತ್ತಿಲ್ಲ. ಆಟೋದವರು, ಕಂಡಕ್ಟರು, ಶಾಲೆ ಹುಡುಗರು, ಎಲ್ಲರ ಬಾಯಲ್ಲೂ ಒಂದೇ: ಕುಂ— ಬೂತ್. ಪೂರ್ತಿ ಬರೆಯುವುದಿಲ್ಲ. ಮೊದಲಕ್ಷರ ಸಾಕು, ಉಳಿದದ್ದು ನನ್ನ ಎಡಗಾಲಿಗೆ ಗೊತ್ತು.

ಇವತ್ತು ಸಾಹೇಬರು ತಡ ಮಾಡಿದರು. ಅವರನ್ನು ಹುಡುಕಿಕೊಂಡು ಅಣ್ಣ ಟೆಲಿಫೋನ್ ಆಫೀಸಿನ ಕಡೆ ಹೋದ. ಬೂತಿನಲ್ಲಿ ನಾನೊಬ್ಬಳೇ. ಬಸ್‌ಸ್ಟ್ಯಾಂಡ್ ಮುಂದೆ ಶೇಂಗಾ ಮಾರುವ ಗಿಡ್ಡಮ್ಮ ಬಂದಳು. ಅವಳ ಮಗಳು ಬಳ್ಳಾರಿಯಲ್ಲಿ ನರ್ಸು. ನಂಬರು ಒತ್ತಿಕೊಟ್ಟೆ. ಗಾಜಿನ ಕ್ಯಾಬಿನ್ನಿನಲ್ಲಿ ನಿಂತು ಅವಳು ಕೂಗಿದ್ದು ಬಳ್ಳಾರಿಗೆ ಫೋನಿಲ್ಲದೆಯೂ ಕೇಳಿಸಿರಬೇಕು. ಮಗಳಿಗೆ ಜ್ವರವಂತೆ. ಕಣ್ಣೊರೆಸಿಕೊಂಡು ಹೊರಬಂದಳು.

"ನಾಳೆ ಮತ್ತ ಮಾಡೋಣ ಬಾ, ನಾ ಹಚ್ಚಿಕೊಡ್ತೀನಿ" ಅಂದೆ. ಅಂದಮೇಲೆ ನೆನಪಾಯಿತು, ನಾಳೆ ನಾನಿಲ್ಲಿ ಇರುವುದಿಲ್ಲ.

"ನೀನ ಇದ್ರ ಚಲೋ ಅಕ್ಕೈತಿ ನೋಡವ್ವ" ಅಂದಳು ಗಿಡ್ಡಮ್ಮ. "ನಿಮ್ಮಣ್ಣಾರು ಒಂದು ಸಲ ಲೈನ್ ಸಿಗಲಿಲ್ಲಂದ್ರ ಹೋಗು ಹೋಗು ಅಂತಾರ."

ನನಗೆ ಆ ಕುರ್ಚಿ ಬೇಕು. ಬರೆದೇ ಬಿಟ್ಟೆ. ವರ್ಷಕ್ಕೊಂದು ದಿನ ಅಲ್ಲ, ದಿನಾ ಬೇಕು.

ಮಾರ್ಚ್ 20

ಅಣ್ಣ ಮಂಡಕ್ಕಿ ಮಿರ್ಚಿ ತಂದಿದ್ದ, ಖುಷಿಯಲ್ಲಿದ್ದ. ಇದೇ ಸಮಯ ಅಂತ ಕೇಳಿದೆ.

"ಅಣ್ಣ, ನಾನೂ ಬೂತಿಗೆ ಬಂದು ಕುಂದ್ರಲೇನು? ಮಧ್ಯಾಹ್ನದ ತನಕ ಅಷ್ಟ."

ನಕ್ಕ. "ಯಾಕ, ಮನ್ಯಾಗ ನಿನಗೇನು ಕಮ್ಮಿ ಆಗೈತಿ?"

"ಕಮ್ಮಿ ಅಂತಲ್ಲ. ಅದು ನನ್ನ ಹೆಸರಿಗೈತಲ್ಲ…"

"ಐತಿ. ಯಾರು ಇಲ್ಲ ಅಂದಾರು? ಹೆಸರಿಗೆ ನಿಂದ ಐತಿ" ಅನ್ನುತ್ತ ಇನ್ನೊಂದು ಮಿರ್ಚಿ ನನ್ನ ತಾಟಿಗೆ ಹಾಕಿದ.

ಒಂದೇ ಮಾತು. ನಾನು ಹೇಳಿದರೆ ಒಂದು ಅರ್ಥ, ಅವನು ಹೇಳಿದರೆ ಇನ್ನೊಂದು. ಆಮೇಲೆ ಬಿಸಿಲು, ಧೂಳು, ಕುಡುಕರು, ಕರೆಂಟು ಹೋಗುವುದು ಎಲ್ಲ ಹೇಳಿದ. ಮೆಟ್ಟಿಲಿನ ಮಾತನ್ನೂ ಹೇಳಿದ. ಮೆಟ್ಟಿಲು ಕಟ್ಟಿಸಿದವರು ಯಾರು ಅಂತ ನಾನು ಕೇಳಲಿಲ್ಲ. ಮಿರ್ಚಿ ಬಿಸಿಯಾಗಿತ್ತು, ತಿಂದೆ.

ಏಪ್ರಿಲ್ 2

ಅವ್ವನಿಗೆ ಹೇಳಿ ನೋಡಿದೆ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಬೂತ್ ಬರೋಕಿಂತ ಮುಂಚೆ ಅವನ ಪಾಡು ನೆನಸ್ಕೋ. ಸೈಕಲ್ ಅಂಗಡಿ ಇಟ್ಟ, ಮುಚ್ಚಿದ. ಬೀಜದ ಏಜೆನ್ಸಿ ತಗೊಂಡ, ಅದೂ ಹೋತು. ಈಗ ಮಂದಿ ಮುಂದ ತಲಿ ಎತ್ತಿ ಅಡ್ಡಾಡ್ತಾನ. ಅವನ ಹೊಟ್ಟಿ ಮ್ಯಾಲ ಹೊಡಿಬ್ಯಾಡ ಮಗಳ. ನಾ ಹೋದಮ್ಯಾಲ ನಿನ್ನ ನೋಡ್ಕೊಳ್ಳಾಂವ ಅಂವನ."

ಅವ್ವ ಹೋದಮೇಲೆ ಏನು ಅನ್ನುವ ಹೆದರಿಕೆ ನನಗೂ ಇದೆ. ಅವಳ ಹೆದರಿಕೆಗೆ ಅಣ್ಣ ಮದ್ದು, ನನ್ನ ಹೆದರಿಕೆಗೆ ಆ ಕುರ್ಚಿ ಮದ್ದು. ಇದನ್ನು ಅವಳಿಗೆ ಹೇಗೆ ಹೇಳುವುದು ಗೊತ್ತಾಗಲಿಲ್ಲ. ಎದ್ದು ಬಂದು ಶೆಟ್ಟರ ಮನೆಯ ಸೀರೆಗೆ ಫಾಲ್ ಹಚ್ಚುತ್ತಾ ಕೂತೆ. ಸೂಜಿ ಎರಡು ಸಲ ಚುಚ್ಚಿತು.

ಅಣ್ಣನನ್ನು ಈಗ ಊರವರು "ಬೂತ್ ಗುರುಸಂಗಪ್ಪಾರು" ಅನ್ನುತ್ತಾರೆ. ಬೂತಿನಿಂದ ಅವನಿಗೆ ಬಂದ ಹೆಸರು ಅದು. ಬೂತಿಗೆ ನನ್ನಿಂದ ಬಂದ ಹೆಸರು ಕುಂ—.

ಜೂನ್ 10

ಬೆಳಿಗ್ಗೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಸಾರುತ್ತಾ ಹೋದರು. ಶಾಲೆಯಲ್ಲಿ ಕಾನೂನು ಅರಿವು ಶಿಬಿರವಂತೆ, ಕೂಡ್ಲಿಗಿಯಿಂದ ವಕೀಲರು ಬರುತ್ತಾರಂತೆ. ಅಣ್ಣ ಬೂತಿನಲ್ಲಿದ್ದ, ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಹರಪನಹಳ್ಳಿಯ ತವರಿಗೆ ಹೋಗಿದ್ದಳು. ಕೋಲು ಹಿಡಿದು ಹೊರಟೆ. ಅವ್ವ "ಎಲ್ಲಿಗೆ?" ಅಂದಳು. "ಫಾಲ್ ಕೊಟ್ಟು ಬರ್ತೀನಿ" ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ಮಾತಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ವಕೀಲೆ, ಹೆಸರು ಕ್ರಾಂತಿ. ಹೆಸರು ಕೇಳಿ ಮೇಜು ಕುಟ್ಟಿ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಮೆತ್ತಗೆ, ಹಿಂದಿನ ಬೆಂಚಿಗೆ ಕೇಳಿಸದ ಹಾಗೆ ಮಾತಾಡಿದಳು. ಹೆಂಗಸರಿಗೂ ಅಂಗವಿಕಲರಿಗೂ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ ಅಂದಳು. ನಾನು ಎರಡೂ ಆಗಿದ್ದೇನೆ.

ಮುಗಿದಮೇಲೆ ಹತ್ತಿರ ಹೋದೆ. "ಮೇಡಂ, ನನ್ನ ಗೆಳತಿ ಒಬ್ಬಾಕಿ ಅದಾಳ್ರಿ. ಆಕಿ ಹೆಸರಿಗೆ ಬೂತ್ ಬಂದೈತಿ, ಆದ್ರ ಆಕಿ ಅಣ್ಣ ನಡೆಸ್ತಾನ…"

ಕ್ರಾಂತಿ ನನ್ನ ಕೋಲು ನೋಡಿದಳು, ಕಾಲು ನೋಡಿದಳು, ನಗಲಿಲ್ಲ. "ನಿಮ್ಮ ಗೆಳತಿಗೆ ಕೂಡ್ಲಿಗಿಗೆ ಬರಾಕ ಹೇಳ್ರಿ ಅಕ್ಕಾರ. ಕೋರ್ಟ್ ಹಿಂದಿನ ಖೋಲ್ಯಾಗ ಇರ್ತೀನಿ."

ಜೂನ್ 26

ಒಬ್ಬಳೇ ಕೂಡ್ಲಿಗಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ. ನನ್ನನ್ನು ನೋಡಿ ಇನ್ನೊಬ್ಬನಿಗೆ ಮೆಲ್ಲಗೆ ಹೇಳಿದ, "ಕುಂ— ಬೂತಿನಾಕಿ." ನನಗೆ ಕಿವಿ ಚೆನ್ನಾಗಿದೆ, ಕಾಲಷ್ಟೇ ಇಲ್ಲ.

ಕ್ರಾಂತಿಗೆ ಗೆಳತಿಯ ಕಥೆ ಹೇಳಲಿಲ್ಲ, ನನ್ನದೇ ಹೇಳಿದೆ. ಅವಳು ಒಂದೊಂದೇ ದಾರಿ ಹೇಳಿದಳು, ನಾನು ಕೇಳುತ್ತಾ ಹೋದೆ.

ಇಲಾಖೆಗೆ ದೂರು ಕೊಡಬಹುದು. ಯಾರಿಗೆ ಕೊಟ್ಟಿದೆಯೋ ಅವರೇ ಕೂತು ನಡೆಸಬೇಕು ಅಂತ ನಿಯಮವಿದೆ. "ಆದ್ರ ನಿಯಮ ಮುರಿದೈತಿ ಅಂದ್ರ ಬೂತ್ ರದ್ದು ಮಾಡ್ತಾರ್ರಿ. ರದ್ದಾಗೋದು ನಿಮ್ಮ ಬೂತ್, ನಿಮ್ಮಣ್ಣಾರದಲ್ಲ."

ಪೊಲೀಸರಿಗೆ ಹೋಗಬಹುದು. "ಸಹಿ ಮೋಸದಿಂದ ಮಾಡಿಸ್ಕೊಂಡಾರೇನ್ರಿ?" ಇಲ್ಲ, ಓದಿಯೇ ಸಹಿ ಮಾಡಿದ್ದೇನೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಅಂದೆ. "ಹಂಗಾದ್ರ ಕೇಸು ಗಟ್ಟಿ ನಿಲ್ಲಂಗಿಲ್ಲ. ನಿಮ್ಮಣ್ಣಾರನ್ನ ಸ್ಟೇಷನ್‌ಗೆ ಕರೆಸ್ತಾರ, ಅಷ್ಟ." ಅಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುವುದು ಕಣ್ಣ ಮುಂದೆ ಬಂತು. ಬೇಡ ಅಂದೆ.

ಸಿವಿಲ್ ದಾವೆ ಹಾಕಬಹುದು, ತೀರ್ಪು ಬರುವಷ್ಟರಲ್ಲಿ ತಲೆ ಹಣ್ಣಾಗುತ್ತದೆ. ಬೆಂಗಳೂರಿನಲ್ಲಿ ಅಂಗವಿಕಲರಿಗೆ ಅಂತಲೇ ಒಬ್ಬ ಆಯುಕ್ತರಿದ್ದಾರೆ, ಅವರಿಗೆ ಬರೆಯಬಹುದು, ಅವರು ಮತ್ತೆ ಇಲಾಖೆಯನ್ನೇ ಕೇಳುತ್ತಾರೆ. ಇಲ್ಲವೆಂದರೆ ಅಣ್ಣನನ್ನು ಕರೆಸಿ ನ್ಯಾಯಾಧೀಶರ ಮುಂದೆ ಕೂರಿಸಿ ರಾಜಿ ಮಾಡಬಹುದು.

"ನಿಮಗೆ ಬೇಕಾಗಿದ್ದೇನ್ರಿ ಅಕ್ಕಾರ?" ಅಂತ ಕೇಳಿದಳು.

"ಕುರ್ಚಿ" ಅಂದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಅದಕ್ಕ ಸರಿಯಾಗಿ ಒಂದು ಕಲಂ ಇಲ್ರಿ" ಅಂದಳು.

ಕೊನೆಗೆ ಇಲಾಖೆಗೇ ಒಂದು ಅರ್ಜಿ ಬರೆದೆವು, ಬಹಳ ಹುಷಾರಾಗಿ. ಬೂತ್ ರದ್ದು ಮಾಡಬೇಡಿ, ಅದರಲ್ಲಿ ನನ್ನನ್ನು ಕೂರಿಸಿ, ಅಂತ. ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವಳು ಹೇಳಿದ ಎಲ್ಲ ದಾರಿಗಳೂ ಸುತ್ತಿ ಬಳಸಿ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ. ಬಾಗಿಲು ತೆಗೆಯುವವನು ಅಣ್ಣ.

ಜುಲೈ 18

ಉತ್ತರ ಇಲ್ಲ. ಅಣ್ಣ ನನಗೆ ಹೊಸ ಚಪ್ಪಲಿ ತಂದ, ಎಡಗಾಲಿನದಕ್ಕೆ ಪಟ್ಟಿ ಹೊಲಿಸಿಕೊಂಡೇ ತಂದಿದ್ದ. ಹಾಕಿಕೊಂಡರೆ ಸರಿಯಾಗಿ ಕೂತಿತು. ಅರ್ಜಿ ವಾಪಸ್ ತೆಗೆದುಕೊಳ್ಳಲು ಬರುತ್ತದೆಯೇ ಅಂತ ಕ್ರಾಂತಿಯನ್ನು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ.

ಆಗಸ್ಟ್ 9

ವಿಚಾರಣೆ ಆಗಿಹೋಗಿದೆ. ನನಗೆ ತಿಳಿಸಲೂ ಇಲ್ಲ.

ಸಂಜೆ ಗಿಡ್ಡಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬಂದಿದ್ದಳು, ಮುಖವೆಲ್ಲ ನಗು.

"ಶಾಂಭವ್ವ, ಇವತ್ತು ಫೋನ್ ಆಫೀಸಿನಾಂವ ಬಂದಿದ್ದ. ನಿಮ್ಮಣ್ಣಾರು ಊಟಕ್ಕ ಹೋಗಿದ್ರು. ಈ ಬೂತ್ ಯಾರದು ಅಂತ ಕೇಳಿದ. ನಾ ಗಟ್ಟಿಯಾಗಿ ಹೇಳೀನಿ. ನಿಂದ ಅಂತ!"

"ಏನಂದಿ, ಸರಿಯಾಗಿ ಹೇಳು."

"ಇದು ಆಕಿದ ಬೂತ್ ರಿ, ಊರಿಗೆ ಊರ ಗೊತ್ತೈತಿ ಅಂದೆ. ಕುಂ— ಬೂತ್ ಅಂದ್ರ ಕೂಸು ಕೂಡ ಕೈ ಮಾಡಿ ತೋರಿಸ್ತೈತಿ ಅಂದೆ. ಪಾನ್ ಅಂಗಡಿ ಮರುಳಪ್ಪನೂ ಹಂಗ ಅಂದ. ಆಟೋದಾರೂ ಅಂದ್ರು. ನಿನಗಾಗಿ ಎಲ್ಲಾರೂ ನಿಂತ್ವಿ ನೋಡವ್ವ. ಅಂವ ಎಲ್ಲಾ ಬರಕೊಂಡ."

"ದಿನಾ ಯಾರು ಕುಂದಿರ್ತಾರ ಅಂತ ಕೇಳಲಿಲ್ಲೇನು?"

ಗಿಡ್ಡಮ್ಮ ಯೋಚಿಸಿದಳು. "ಇಲ್ಲ ಬಿಡು. ಯಾರದು ಅಂತ ಕೇಳಿದ. ನಿಂದ ಅಂದ್ವಿ." ನನ್ನ ಮುಖ ನೋಡಿ ಅವಳ ನಗು ಸಣ್ಣಗಾಯಿತು. "ತಪ್ಪು ಮಾಡಿದ್ನೇನಬೇ?"

ಇಲ್ಲ ಅಂದೆ. ಅವಳಿಗೆ ಬೈಯುವುದು ಯಾವ ಬಾಯಿಂದ? ಶೇಂಗಾ ತೆಗೆದುಕೊಂಡೆ.

ಆಗಸ್ಟ್ 10

ಅಣ್ಣನಿಗೆ ಗೊತ್ತಾಗಿದೆ. ಆ ಮನುಷ್ಯ ಹೋಗುವ ಮುಂಚೆ ಅಣ್ಣನನ್ನೂ ಕಂಡು ಹೋಗಿದ್ದಾನೆ.

ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ನಾನೂ ಕೂಗುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ. "ನನ್ನ ಮ್ಯಾಲ ಅರ್ಜಿ ಕೊಟ್ಟೀಯೇನ ಶಾಂಭವಿ?"

"ನಿನ್ನ ಮ್ಯಾಲ ಅಲ್ಲಣ್ಣ. ನನ್ನ ಸಲುವಾಗಿ."

"ನಿನ್ನ ಬೆನ್ನಿಗೆ ಹಾಕ್ಕೊಂಡು ಸಾಲಿಗೆ ಒಯ್ದಾಂವ ನಾನು. ಮಳಿ ಬಂದ್ರ ನಿನ್ನ ತಲಿ ಮ್ಯಾಲ ಚೀಲ, ನಾನು ತೊಯ್ಸಿಕೊಂತ. ನಿನ್ನ ಬೂತ್ ತಿಂದ ಕಳ್ಳ ಆದ್ನೇನ ಇವತ್ತು?"

ಅವನು ಹೇಳಿದ್ದು ನಿಜ. ಚೀಲ ಗೋಣಿಯದು, ಬೆಲ್ಲದ ವಾಸನೆ ಬರುತ್ತಿತ್ತು, ನನಗಿನ್ನೂ ನೆನಪಿದೆ. ನಾನು ಅತ್ತೆ. ಅವನೂ ಅತ್ತ. ಅವ್ವ ಇಬ್ಬರನ್ನೂ ನೋಡಿ ಅತ್ತಳು. ಶೈಲಾ ಮಾತ್ರ ಅಳಲಿಲ್ಲ, ಅನ್ನದ ಕುಕ್ಕರ್ ಇಳಿಸಿದಳು. ಈ ಅಳುವಿನಲ್ಲಿ ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ.

ಸೆಪ್ಟೆಂಬರ್ 21

ಇಲಾಖೆಯ ಉತ್ತರ ಬಂತು. ಕಾಪಿ ಮಾಡಿಡುತ್ತೇನೆ.

"ಸದರಿ ಬೂತಿನ ಸುತ್ತಮುತ್ತಲಿನ ಸಾರ್ವಜನಿಕರನ್ನು ವಿಚಾರಿಸಲಾಗಿ, ಸದರಿ ಬೂತ್ ಅಂಗವಿಕಲ ಮಹಿಳೆಯದೇ ಎಂದು ಎಲ್ಲರೂ ಏಕಾಭಿಪ್ರಾಯದಿಂದ ತಿಳಿಸಿರುತ್ತಾರೆ. ಅಲ್ಲದೆ ಬೂತ್ ಅರ್ಜಿದಾರಳ ಅಂಗವೈಕಲ್ಯದ ಹೆಸರಿನಿಂದಲೇ ಊರಿನಲ್ಲಿ ಪ್ರಸಿದ್ಧವಾಗಿರುವುದು ಕಂಡುಬಂದಿರುತ್ತದೆ. ಆದುದರಿಂದ ದೂರಿನಲ್ಲಿ ಹುರುಳಿಲ್ಲವೆಂದು ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."

ಮೊದಲು ನಕ್ಕೆ. ಪ್ರಸಿದ್ಧವಂತೆ. ಇಷ್ಟು ವರ್ಷ ಯಾವ ಹೆಸರಿಗೆ ಹೆದರಿ ಬಸ್‌ಸ್ಟ್ಯಾಂಡಿನ ಕಡೆ ಹೋಗದೆ ಓಣಿ ಸುತ್ತಿ ಓಡಾಡಿದೆನೋ, ಆ ಹೆಸರೇ ಹೋಗಿ ಅಣ್ಣನ ಪರ ಸಾಕ್ಷಿ ಹೇಳಿ ಬಂದಿದೆ. ಆಮೇಲೆ ನಗು ನಿಂತಿತು. ನಾನು ಏನು ಮಾಡಲಿ? ಯಾರ ಮುಂದೆ ಹೇಳಲಿ? ಎಲ್ಲರೂ ನಿನ್ನದೇ ನಿನ್ನದೇ ಅನ್ನುತ್ತಾರೆ, ಕೈಗೆ ಮಾತ್ರ ಯಾರೂ ಕೊಡುವುದಿಲ್ಲ.

ಅಕ್ಟೋಬರ್ 5

ಮನೆಯಲ್ಲಿ ಮಾತಿಲ್ಲ. ಊಟ ಇದೆ.

ಅಕ್ಟೋಬರ್ 27

ಶೈಲಾ ಇವತ್ತು ನನ್ನ ಜೊತೆ ಮಾತಾಡಿದಳು. "ಬೂತ್ ಹೋದ್ರ ಹುಡುಗರ್ನ ಕರಕೊಂಡು ನಾ ತವರಿಗೆ ಹೋಗಬೇಕಾಗ್ತೈತಿ. ಅಲ್ಲಿ ಯಾರು ಎಷ್ಟು ದಿನ ಇಟ್ಕೊಂತಾರ ಹೇಳು." ಜಗಳಕ್ಕೆ ಹೇಳಿದ್ದಲ್ಲ. ಸುಮ್ಮನೆ ನನ್ನ ಪಕ್ಕ ಕೂತು ಹೇಳಿದಳು. ಅವಳ ಹೆಸರಿಗೂ ಏನೂ ಇಲ್ಲ.

ನವೆಂಬರ್ 24

ಕೂಡ್ಲಿಗಿ ಕೋರ್ಟಿನಲ್ಲಿ ರಾಜಿ. ಇಲಾಖೆಯ ಉತ್ತರ ಬಂದಮೇಲೆ ನಾನು ಕೇಳಿಕೊಂಡಿದ್ದಕ್ಕೆ ಕ್ರಾಂತಿ ಅಣ್ಣನಿಗೆ ನೋಟಿಸು ಕಳಿಸಿದ್ದಳು. ಬರುವುದಿಲ್ಲ ಅಂದುಕೊಂಡಿದ್ದೆವು. ಬಂದ. ಇಸ್ತ್ರಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನನ್ನೂ ಅದೇ ಮೊಪೆಡ್ಡಿನ ಮೇಲೆ ಕೂರಿಸಿಕೊಂಡೇ ಬಂದ. ವಾದಿ ಪ್ರತಿವಾದಿ ಇಬ್ಬರೂ ಒಂದೇ ಗಾಡಿಯಲ್ಲಿ. ದಾರಿಯಲ್ಲಿ ತಗ್ಗು ಬಂದಾಗ "ಗಟ್ಟಿ ಹಿಡ್ಕೋ" ಅಂದ. ಅವನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡೆ.

ನ್ಯಾಯಾಧೀಶರು ಒಳ್ಳೆಯವರು. "ಈ ಬೂತ್ ಯಾರದಪ್ಪ?" ಅಂತ ಅಣ್ಣನನ್ನು ಕೇಳಿದರು.

"ಆಕಿದ ಸ್ವಾಮಿ."

"ನಿನ್ನ ತಂಗಿ ಅಲ್ಲಿ ಕೂರುತ್ತೇನೆ ಅನ್ನುತ್ತಾಳೆ. ನಿನಗೆ ತಕರಾರಿದೆಯೇ?"

"ಬಂದು ಕುಂದ್ರಲಿ ಸ್ವಾಮಿ. ನಾ ಯಾವಾಗರ ಬ್ಯಾಡ ಅಂದೀನೇನು? ಒಡಹುಟ್ಟಿದಾಕಿ."

ನ್ಯಾಯಾಧೀಶರಿಗೆ ಸಂತೋಷವಾಯಿತು. "ನೋಡಮ್ಮ, ಎಂಥಾ ಅಣ್ಣ. ಹೊರಗೆ ಹೋಗಿ ಇಬ್ಬರೂ ಕೂಡಿ ಚಹಾ ಕುಡಿಯಿರಿ" ಅಂದರು. ಬೂತ್ ಅರ್ಜಿದಾರಳಿಗೆ ಸೇರಿದ್ದೆಂದು, ಅವಳು ಕೂರಲು ತಕರಾರಿಲ್ಲವೆಂದು ಎದುರುದಾರರು ಒಪ್ಪಿದ್ದಾರೆ ಅಂತ ಬರೆದರು. ನಾನು ಮೆಟ್ಟಿಲಿನ ಮಾತು ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಮುಂದಿನವರನ್ನು ಕೂಗಿದರು. ಸಹಿ ಮಾಡಿದೆ.

ಹೊರಗೆ ಕ್ರಾಂತಿಯ ಕೈ ಹಿಡಿದು ಕೇಳಿದೆ, ಇನ್ನೇನು ಮಾಡಬಹುದು ಅಂತ.

"ಅಕ್ಕಾರ, ಎದುರಿನಾರು ಇಲ್ಲ ಅಂದ್ರ ಹೊಡೆದಾಡಬಹುದು. ಎಲ್ಲಾರೂ ಹೌದು ಅಂದ್ರ ಯಾರ ಕೂಡ ಹೊಡೆದಾಡೋದ್ರಿ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು, ಅಥವಾ ಧೂಳು ಹೋಗಿತ್ತು. ಪಾಪ, ಅವಳಿಗೇ ಸಮಾಧಾನ ಹೇಳಿ ಬಂದೆ.

ಅಣ್ಣ ಚಹಾ ಕುಡಿಸಿದ. ಮೊಪೆಡ್ಡಿನ ಮೇಲೆ ವಾಪಸ್ ಬರುವಾಗ ಕೇಳಿದೆ. "ನಾಳೆಯಿಂದ ಬರಲೇನಣ್ಣ?"

"ಬಾ."

"ಮೆಟ್ಲಾ?"

ಗಾಡಿ ಓಡುತ್ತಲೇ ಇತ್ತು. "ಕಾಗದದಾಗ ಮೆಟ್ಲು ಬರದಾರೇನು?" ಅಂದ.

ನವೆಂಬರ್ 25

ಹೋದೆ. ಮೆಟ್ಟಿಲ ಕೆಳಗೆ ನಿಂತೆ. ಅಣ್ಣ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಕೋಲು ಊರಿದರೆ ಮೇಲಿನ ಮೆಟ್ಟಿಲು ಸಿಗುವುದಿಲ್ಲ. ಹಿಡಿಯಲು ಕಂಬಿ ಇಲ್ಲ. ಕೂತು ಸರಿದುಕೊಂಡು ಹತ್ತಬಹುದಿತ್ತು, ಚಿಕ್ಕವಳಿದ್ದಾಗ ಮಾಳಿಗೆ ಹಾಗೆಯೇ ಹತ್ತುತ್ತಿದ್ದೆ. ಆದರೆ ಬಸ್‌ಸ್ಟ್ಯಾಂಡಿನ ಜನ ಎಲ್ಲ ನೋಡುತ್ತಿದ್ದರು. ಹೊಸಪೇಟೆ ಬಸ್ಸು ಬಂದು ನಿಂತಿತ್ತು, ಕಿಟಕಿ ತುಂಬ ತಲೆಗಳು. ನನ್ನ ಕೈಲಾಗಲಿಲ್ಲ. ತಿರುಗಿ ಮನೆಗೆ ಬಂದೆ. ಅಣ್ಣ ಪೇಪರಿನಿಂದ ತಲೆ ಎತ್ತಿದನೋ ಇಲ್ಲವೋ ನೋಡಲಿಲ್ಲ.

ಡಿಸೆಂಬರ್ 12

ಬರೆಯುವುದು ಏನಿದೆ.

ಜನವರಿ 30, 2002

ಫಾಲ್. ಹುಕ್ಕು. ಫಾಲ್.

ಅವ್ವ ಕೇಳಿದಳು, "ಸಿಟ್ಟು ಇಳಿತೇನು?" ಇಳಿಯಿತು ಅಂದೆ. ಸಂಜೆ ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತು, ಕೈ ಊರಿ ಒಳಗೆ ಸರಿದು ನೋಡಿದೆ. ಆಮೇಲೆ ಹಿತ್ತಿಲ ಕಟ್ಟೆ ಹತ್ತಿದೆ. ಅಂಗೈ ಕೆಂಪಾಗಿದೆ. ಯಾಕೆ ಮಾಡಿದೆನೋ, ಸುಮ್ಮನೆ.

ಮಾರ್ಚ್ 19

ಸಾಹೇಬರು ಬರುವ ದಿನ. ಶೈಲಾ ಸೀರೆ ಉಡಿಸಿದಳು, ಅಣ್ಣ ಎತ್ತಿಕೊಂಡು ಹತ್ತಿಸಿದ. ಈ ಸಲ ಬಂದವರು ಹೊಸಬರು, ಕನ್ನಡಕದವರು, ಪ್ರಶ್ನೆ ಜಾಸ್ತಿ. ಹಳೇ ದೂರಿನ ಕಾಗದ ಕೈಯಲ್ಲಿತ್ತು. ಅಣ್ಣನನ್ನು ಹೊರಗೆ ನಿಲ್ಲಿಸಿ ನನ್ನೊಬ್ಬಳನ್ನೇ ಕೇಳಿದರು.

"ಖರೇ ಹೇಳ್ರಿ. ದಿನಾ ನೀವೇ ಕುಂದಿರ್ತೀರೇನು? ಇಲ್ಲ ಅಂದ್ರ ಇವತ್ತ ಬರದು ಬಿಡ್ತೀನಿ, ಬೂತ್ ಕ್ಯಾನ್ಸಲ್."

ಇಡೀ ವರ್ಷ ನಾನು ಹೇಳಬೇಕು ಅಂತ ಒದ್ದಾಡಿದ ಮಾತನ್ನು ಈಗ ಒಬ್ಬರು ತಾವಾಗಿಯೇ ಕೇಳುತ್ತಿದ್ದಾರೆ. ಗಾಜಿನ ಆಚೆ ಅಣ್ಣ ಕಂಡ. ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಶೈಲಾಳ ತವರು ನೆನಪಾಯಿತು. ಇಲ್ಲ ಅಂದರೆ ಎಲ್ಲ ಮುಗಿಯುತ್ತದೆ, ಕುರ್ಚಿಯೂ ಮುಗಿಯುತ್ತದೆ.

"ದಿನಾ ನಾನೇ ಕುಂದಿರ್ತೀನ್ರಿ" ಅಂದೆ.

ಅವರು ಬರೆದುಕೊಂಡು, ಸಹಿ ಮಾಡಿಸಿಕೊಂಡು ಹೋದರು. ಅಣ್ಣ ಒಳಗೆ ಬಂದ. ಮುಖದಲ್ಲಿ ರಕ್ತ ಮರಳಿ ಬಂದಿತ್ತು. "ದೊಡ್ಡ ಉಪಕಾರ ಮಾಡಿದಿ ತಂಗಿ" ಅಂದು ಎತ್ತಿಕೊಳ್ಳಲು ಬಗ್ಗಿದ. ಪ್ರತಿ ವರ್ಷ ನಾನು ಅವನ ಕೊರಳಿಗೆ ಕೈ ಹಾಕುತ್ತೇನೆ. ಇವತ್ತು ಹಾಕಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡೆ.

"ಇಳಿಯಂಗಿಲ್ಲಣ್ಣ. ದಿನಾ ಕುಂದಿರ್ತೀನಿ ಅಂತ ಈಗಷ್ಟ ಸಹಿ ಮಾಡೀನಿ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತ. ಬಾಯಾರಿತ್ತು, ನೀರು ಕುಡಿಯಲಿಲ್ಲ. ಕುಡಿದರೆ ಇಳಿಯಬೇಕಾಗುತ್ತದೆ, ಇಳಿಸುವವನು ಅವನೇ.

ಫೋನ್ ಬಂತು. ಎತ್ತಿದೆ. "ಹಲೋ, ಯಾವ ಬೂತ್ ರಿ?" ಅಂತ ಕೇಳಿತು ಒಂದು ಹೆಣ್ಣು ದನಿ. "ಬಸ್‌ಸ್ಟ್ಯಾಂಡ್ ಬೂತ್ ರಿ" ಅಂದೆ. ಗಿಡ್ಡಮ್ಮನ ಮಗಳು, ಬಳ್ಳಾರಿಯಿಂದ. ಗಿಡ್ಡಮ್ಮ ಬುಟ್ಟಿ ಹೊತ್ತು ಸಂತೆ ಕಡೆ ಹೋಗಿದ್ದಳು. ಕರೆಯಬೇಕಲ್ಲ.

"ಅಣ್ಣ, ಗಿಡ್ಡಮ್ಮನ್ನ ಕರಕೊಂಡು ಬಾ. ಮಗಳ ಫೋನ್ ಐತಿ."

ಅವನ ಬೆನ್ನು ಅಲುಗಾಡಲಿಲ್ಲ. ಇನ್ನೊಮ್ಮೆ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಎದ್ದ, ಚಪ್ಪಲಿ ಮೆಟ್ಟಿಕೊಂಡು ಹೋದ.

ಕತ್ತಲಾದಮೇಲೆ ಇಳಿಸಿದವನೂ ಅವನೇ. ಮನೆ ಮುಂದೆ "ನಾಳೆ ಹತ್ತಿಸ್ತೀಯೇನಣ್ಣ?" ಅಂದೆ. ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಒಳಗೆ ಹೋದ.

ಮಾರ್ಚ್ 20

ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ಬೂತಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದಾಗ ಅಣ್ಣ ಇರಲಿಲ್ಲ. ಮೊಪೆಡ್ ಇರಲಿಲ್ಲ. ಬೂತ್ ತೆಗೆಯಲು ಹೋಗಿದ್ದಾನೆ ಅಂದುಕೊಂಡು ನಡೆದುಕೊಂಡೇ ಬಂದೆ, ಓಣಿ ಸುತ್ತದೆ ನೇರ ದಾರಿಯಲ್ಲೇ. ಬಂದು ನೋಡಿದರೆ ಬೀಗ. ನಸುಕಿನಲ್ಲೇ ಹಡಗಲಿ ರಸ್ತೆ ಹಿಡಿದು ಹೋದ ಅಂತ ಪಾನ್ ಅಂಗಡಿ ಮರುಳಪ್ಪ ಹೇಳಿದ. ಎಲ್ಲಿಗೆ, ಯಾವಾಗ ಬರುತ್ತಾನೆ, ಅವನಿಗೂ ಗೊತ್ತಿಲ್ಲ. ಕೀಲಿ ಅಣ್ಣನ ಜೇಬಿನಲ್ಲಿ.

ಅಷ್ಟು ದೂರ ಬಂದಾಗಿತ್ತು. ಕೋಲನ್ನು ಮೇಲಿಟ್ಟು, ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈ ಊರಿ ಒಂದೊಂದೇ ಸರಿದು ಹತ್ತಿದೆ. ಸೀರೆಗೆಲ್ಲ ಧೂಳು. ಹೊಸಪೇಟೆ ಬಸ್ಸು ನಿಂತಿತ್ತು, ಕಿಟಕಿ ತುಂಬ ಜನ ಇದ್ದರು. ಈಗ ಬಾಗಿಲಿಗೆ ಒರಗಿ ಕೂತಿದ್ದೇನೆ. ಬಿಸಿಲು ಏರುತ್ತಿದೆ. ಅಣ್ಣ ಬಾರದಿದ್ದರೆ ಏನು ಮಾಡಬೇಕೋ ತಿಳಿಯದು. ಒಳಗೆ ಫೋನ್ ಬಡಿದುಕೊಳ್ಳುತ್ತಿದೆ, ನಿಲ್ಲುತ್ತದೆ, ಮತ್ತೆ ಬಡಿದುಕೊಳ್ಳುತ್ತದೆ. ನನ್ನ ಬೆನ್ನಿಗೇ ಕೇಳಿಸುತ್ತದೆ.

ಈಗಷ್ಟೇ ಬ್ಯಾಗ್ ಹಿಡಿದ ಒಬ್ಬ ಮುದುಕ ಬಸ್ಸಿಳಿದು ಬಂದು ಕೆಳಗೆ ನಿಂತು ಕೇಳಿದ. "ಯಾಕವ್ವ, ಬೂತ್ ಇನ್ನೂ ತೆಗೆದಿಲ್ಲೇನು?"

"ಕುಂಟಿ ಬಂದಾಳ್ರಿ" ಅಂದೆ. "ಕೀಲಿ ಬರೋದೈತಿ."